ಹನ್ನೆರಡು ಪುಸ್ತಕ, ಒಂದು ಕ್ವಿಂಟಲ್ ತೊಗರಿ

ಯಾವ ವಸ್ತು ತೋರಿಸಿ ಬೆಲೆ ಹೇಳಿದರೂ ನಮ್ಮಪ್ಪ ಕೇಳುವುದು ಒಂದೇ ಮಾತು: “ತಿರುಗಿ ಒಯ್ದರ ಎಷ್ಟಕ್ಕ ತಗೋತಾನ?” ಎತ್ತು ತಂದರೂ ಅದೇ, ಬಂಗಾರ ತಂದರೂ ಅದೇ, ನನ್ನ ಮದುವೆಗೆ ತಂದ ಕಬ್ಬಿಣದ ಕಪಾಟಿಗೂ ಅದೇ. ಆಳಂದದ ಕಡೆಯ ನಮ್ಮೂರು ಸರಸಂಬಾದಲ್ಲಿ ಮಳೆ ನಂಬಿ ತೊಗರಿ ಬಿತ್ತುವ ಮನುಷ್ಯನಿಗೆ, ಕೊಂಡದ್ದನ್ನು ಮಾರಬೇಕಾದ ದಿನ ಯಾವಾಗ ಬಂದೀತು ಎಂಬುದು ಗೊತ್ತಿರುವುದಿಲ್ಲ. ಹಾಗಾಗಿ ಕೊಳ್ಳುವ ದಿನವೇ ಮಾರುವ ಬೆಲೆ ಕೇಳಿಟ್ಟುಕೊಳ್ಳುತ್ತಾನೆ. ನಾನು ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಸಾಲದ ಕಾಗದ ನೋಡಿದವನು. ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಬೇರೆ ಭಾಷೆಯಲ್ಲಿ ಕೇಳಿದ್ದೇನೆ. ಆದರೆ 2025ರ ಜನವರಿಯಲ್ಲಿ, ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ, ನನ್ನ ಸ್ವಂತ ದುಡ್ಡು ಕೈಯಲ್ಲಿದ್ದಾಗ ಕೇಳಲಿಲ್ಲ.

ಕೊಟ್ಟದ್ದು 7,200 ರೂಪಾಯಿ. ತಂದದ್ದು ಹನ್ನೆರಡು ಹಳೆಯ ಇಂದ್ರಜಾಲ ಕಾಮಿಕ್ಸ್. ಆ ಹಂಗಾಮಿಗೆ ಸರಕಾರ ತೊಗರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 7,550. ಅಪ್ಪನಿಗೆ ಲೆಕ್ಕ ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. “ಒಂದು ಕ್ವಿಂಟಲ್ ತೊಗರಿ ಕೊಟ್ಟು ಹರಕ ಪುಸ್ತಕ ತಂದಿ, ತಮ್ಮಾ” ಅಂದ. ಬೈಗುಳದ ದನಿಯಲ್ಲ, ರಶೀದಿ ಓದಿದ ಹಾಗೆ.

ಇಂದ್ರಜಾಲ ಅಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಶುರುಮಾಡಿ 1990ರವರೆಗೆ ನಡೆಸಿದ ಕಾಮಿಕ್ಸ್ ಮಾಲೆ ಅದು. ಎಂಟು ನೂರರ ಮೇಲೆ ಸಂಚಿಕೆ. ಫ್ಯಾಂಟಮ್, ಮಾಂಡ್ರೇಕ್, ಆಮೇಲೆ ಆಬಿದ್ ಸುರ್ತಿ ಹುಟ್ಟಿಸಿದ ನಮ್ಮದೇ ಬಹಾದ್ದೂರ್. ಕನ್ನಡದಲ್ಲೂ ಬರುತ್ತಿತ್ತು, ಮರಾಠಿಯಲ್ಲೂ ಬರುತ್ತಿತ್ತು. ಗಡಿಯಾಚೆ ಅಕ್ಕಲಕೋಟೆ, ಸೊಲ್ಲಾಪುರ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಹಾಗಾಗಿ ಸೋದರಮಾವ ಸೊಲ್ಲಾಪುರದಿಂದ ಬಂದಾಗ ಚೀಲದಲ್ಲಿ ಮರಾಠಿ ಫ್ಯಾಂಟಮ್ ಇರುತ್ತಿದ್ದ, ‘ಚಾಂದೋಬಾ’ ಇರುತ್ತಿತ್ತು. ‘ಚಂದಮಾಮ’ದ ಮರಾಠಿ ಹೆಸರು ಅದು. ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕನ್ನಡದ್ದು. ‘ಸುಧಾ’ ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್ ಪುಟಗಳನ್ನು ಶಾಲೆಯ ಮಾಸ್ತರರ ಮನೆಯಿಂದ ತಂದು, ಕತ್ತರಿಸಿ, ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದೆವು. ಗುಹೆಯ ತಲೆಬುರುಡೆ ಸಿಂಹಾಸನದ ಮೇಲೆ ಕೂತ ಮನುಷ್ಯ ಕನ್ನಡ ಮಾತಾಡುತ್ತಾನೋ ಮರಾಠಿ ಮಾತಾಡುತ್ತಾನೋ ಎಂಬುದು ನಮಗೊಂದು ಸಮಸ್ಯೆಯೇ ಆಗಿರಲಿಲ್ಲ.

ಅವೆಲ್ಲ ಎಲ್ಲಿ ಹೋದವು? ರದ್ದಿಗೆ. ತೂಕಕ್ಕೆ ಹಾಕಿದವು ಕೆಲವು, ಭಜಿ ಕಟ್ಟಲು ಹೋಟೆಲಿಗೆ ಹೋದವು ಕೆಲವು, ಅವ್ವ ಡಬ್ಬಿಗಳ ಕೆಳಗೆ ಹಾಸಿದವು ಕೆಲವು. ಎರಡು ಬಿಟ್ಟು ಉಳಿದದ್ದಕ್ಕೆಲ್ಲ ಒರಲಿ ಹತ್ತಿತು. ಎಣ್ಣೆ ಹೀರಿದ ಫ್ಯಾಂಟಮ್‌ನ ಮೇಲೆ ಮೆಣಸಿನಕಾಯಿ ಭಜಿ ಇಟ್ಟುಕೊಂಡು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಳೆಯ ಕಾಮಿಕ್ಸ್‌ಗೆ ಇವತ್ತು ಬೆಲೆ ಬಂದದ್ದು ಈ ರದ್ದಿಯಿಂದಲೇ. ಅಮೆರಿಕದ ಕಥೆಯೂ ಬೇರೆಯಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಅಲ್ಲಿ ಊರೂರಿನಲ್ಲಿ ಹಳೆಯ ಕಾಗದ ಕೂಡಿಸಿ ಕೊಟ್ಟರು, ಅದರೊಡನೆ ಮಕ್ಕಳ ಕಾಮಿಕ್ಸೂ ಹೋದವು. ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ 1938ರ ‘ಆಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯ ಬೆಲೆ ಆಗ ಹತ್ತು ಸೆಂಟು. ಅದರ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ, ಅಂದರೆ ಸುಮಾರು 50 ಕೋಟಿ ರೂಪಾಯಿಗೆ ಹರಾಜಾಯಿತು.

ಈ ಸುದ್ದಿಯನ್ನು ನನಗೆ ಕಳಿಸಿದವನು ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ. “ಮಾಮಾ, ನಿಮ್ಮ ಇಂದ್ರಜಾಲಕ್ಕೂ ಈಗ ರೇಟ್ ಬಂದದಂತ. ಕಾಮಿಕ್ ಕಾನ್‌ಗೆ ಬರ್ರಿ” ಅಂದ. ತೊಗರಿ ರಾಶಿ ಮುಗಿದಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ.

ಬೆಂಗಳೂರಿನಲ್ಲಿ ಈ ಮೇಳ ಶುರುವಾದದ್ದು 2012ರಲ್ಲಿ. ಈಗ ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ ನಡೆಯುತ್ತದೆ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ನೋಡಿದವನಿಗೆ ಜನಜಂಗುಳಿ ಹೊಸದಲ್ಲ. ಆದರೆ ಇಲ್ಲಿ ಜಾತ್ರೆಗೆ ಬಂದವರೇ ವೇಷ ಹಾಕಿದ್ದರು. ಕತ್ತಿ ಹಿಡಿದವರು, ನೀಲಿ ಕೂದಲಿನವರು, ಒಬ್ಬ ಬ್ಯಾಟ್‌ಮ್ಯಾನ್ ಬಿಸಿಲಿಗೆ ಮುಖವಾಡ ತೆಗೆದು ಮಜ್ಜಿಗೆ ಕುಡಿಯುತ್ತಿದ್ದ. ಅಂಗಿ, ಗೊಂಬೆ, ಕೀಲಿಕೈ ಗೊಂಚಲು, ಜಪಾನಿನ ಮಂಗಾ ಪುಸ್ತಕ, ಇವೇ ಹೆಚ್ಚು. ನಾನು ಹುಡುಕಿ ಬಂದ ಹಳೆಯ ಕಾಗದಕ್ಕೆ ಅಷ್ಟು ದೊಡ್ಡ ಸಭಾಂಗಣದಲ್ಲಿ ಸಿಕ್ಕ ಜಾಗ ಎರಡು ಮೇಜು.

ಅದರಲ್ಲೊಂದು ಮೇಜಿನ ಮೇಲೆ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಫ್ಯಾಂಟಮ್ ಇದ್ದ. ಇಂಗ್ಲಿಷಿನವನು. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ದಲಾಲಿ ಬಂದು ಟಾವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು. ಟಾವೆಲ್ ಯಾಕೆ? ಕೊಳ್ಳುವವನ ಆಸೆ ಸುತ್ತ ನಿಂತವರಿಗೆ ಕಾಣಬಾರದು. ನಾನು ಮಾಡಿದ್ದು ತದ್ವಿರುದ್ಧ. ಕೊಟ್ಟೆ ಬಿಚ್ಚಿಸಲಿಲ್ಲ. ಮುಖಪುಟ ನೋಡಿ “ಅಯ್ಯೋ, ಇದು ನಾನು ಐದನೇತ್ತದಲ್ಲಿ ಓದಿದ್ದು!” ಎಂದು ಗಟ್ಟಿಯಾಗಿ ಕೂಗಿದೆ. ಅಲ್ಲಿಗೆ ಚೌಕಾಸಿ ಮುಗಿಯಿತು. ಒಂದಕ್ಕೆ 600, ಹನ್ನೆರಡಕ್ಕೆ 7,200. ಫೋನ್‌ಪೇ ಮಾಡಿದೆ. ಬಿಲ್ ಕೇಳಲಿಲ್ಲ.

ಕಲಬುರಗಿಗೆ ಬಂದು ಕೊಟ್ಟೆ ಬಿಚ್ಚಿದರೆ ಮೂರರಲ್ಲಿ ನಟ್ಟನಡುವಿನ ಜೋಡಿಹಾಳೆ ಇಲ್ಲ. ಪಿನ್ನು ಸಡಿಲಾಗಿ ಮೊದಲು ಕಳಚಿಬೀಳುವುದು ಅದೇ ಹಾಳೆ. ಒಂದರ ಮುಖಪುಟ ಈಚೆಗೆ ಮುದ್ರಿಸಿ ಅಂಟಿಸಿದ್ದು. ಒಳಗಿನ ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಮುಖಪುಟ ಮಾತ್ರ ಮದುವೆ ಕಾರ್ಡಿನ ಹಾಗೆ ಹೊಳೆಯುತ್ತದೆ. ಪಿನ್ನಿಗೆ ತುಕ್ಕಿದೆ, ಪಿನ್ನಿನ ಸುತ್ತ ಮುಖಪುಟದ ಮೇಲೆ ತುಕ್ಕಿನ ಕಲೆಯಿಲ್ಲ. ನಲವತ್ತು ವರ್ಷ ಜೊತೆಗಿದ್ದವು ಒಂದಕ್ಕೊಂದು ಕಲೆ ಬಿಟ್ಟಿರಬೇಕಲ್ಲ? ಫೋನ್ ಮಾಡಿದೆ. “ಮೇಳದ ಮಾಲು ವಾಪಸ್ ಇಲ್ಲ ಸರ್” ಎಂಬ ಉತ್ತರ ಬಂತು. ಬಿಲ್ ಇಲ್ಲದವನು ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ?

ಅಪ್ಪನ ಪ್ರಶ್ನೆ ನೆನಪಾದದ್ದು ಆಗ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಹನ್ನೆರಡನ್ನೂ ಚೀಲದಲ್ಲಿಟ್ಟುಕೊಂಡು ಹಳೆಯ ಪುಸ್ತಕದ ಮೂರು ಅಂಗಡಿ ತಿರುಗಿದೆ. ಮಾರಬೇಕೆಂದಲ್ಲ, ಬೆಲೆ ತಿಳಿಯಬೇಕೆಂದು. ಒಬ್ಬರು ಬೇಡವೆಂದರು. ಒಬ್ಬರು ಬಿಟ್ಟುಹೋಗಿ, ಮಾರಿದ ಮೇಲೆ ಕೊಡುತ್ತೇನೆಂದರು. ಮೂರನೆಯವರು ಎಲ್ಲ ಸೇರಿ 1,500 ಕೊಡುತ್ತೇನೆಂದರು. 7,200ಕ್ಕೆ ಕೊಂಡ ಮಾಲಿನ ನಗದು ಬೆಲೆ 1,500. ಬಂಗಾರದ ಅಂಗಡಿಯವನು ಹಳೆಯ ಒಡವೆಗೆ ಮೋಡು ಕಳೆದರೂ ಇಷ್ಟು ಕಳೆಯುವುದಿಲ್ಲ. ಅಂಗಡಿಯವರ ತಪ್ಪೂ ಇದರಲ್ಲಿಲ್ಲ. ನನ್ನಂಥ ಗಿರಾಕಿ ವರ್ಷಕ್ಕೆ ಎಷ್ಟು ಮಂದಿ ಬಂದಾರು? ಅಲ್ಲಿಯತನಕ ಬಾಡಿಗೆ ಕಟ್ಟಿ, ಹುಳ ಬೀಳದಂತೆ ಕಾಯಬೇಕಾದವರು ಅವರು.

ಹಳೆಯ ಕಾಮಿಕ್ಸ್ ಹೂಡಿಕೆ ಎನ್ನುವವರು ಒಂದು ಲೆಕ್ಕ ಹೇಳುತ್ತಾರೆ. ಒಂದು ರೂಪಾಯಿಯ ಪುಸ್ತಕ ನಲವತ್ತು ವರ್ಷಕ್ಕೆ 400 ರೂಪಾಯಿಯಾದರೆ ವರ್ಷಕ್ಕೆ ಶೇ 16ರ ಚಕ್ರಬಡ್ಡಿ ಬಿದ್ದಂತೆ. ಲೆಕ್ಕ ಸರಿ. ಅದರೊಳಗಿನ ತೂತು ರದ್ದಿಯದು. ಹುಡುಗನಾಗಿದ್ದಾಗ ನನ್ನ ಬಳಿ ಅರವತ್ತು ಪುಸ್ತಕವಾದರೂ ಇದ್ದವು, ಉಳಿದದ್ದು ಎರಡು. ಒಂದೊಂದಕ್ಕೆ ಒಂದು ರೂಪಾಯಿಯೆಂದೇ ಹಿಡಿಯಿರಿ. ಅರವತ್ತು ಹಾಕಿ ನಲವತ್ತು ವರ್ಷಕ್ಕೆ ತೆಗೆದದ್ದು ಎಂಟು ನೂರು. ಬಡ್ಡಿ ಶೇ 7 ಕೂಡ ಮುಟ್ಟಲಿಲ್ಲ. 1988ರಲ್ಲಿ ಅಂಚೆ ಕಚೇರಿಗೆ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ ದುಡ್ಡನ್ನು ಇಮ್ಮಡಿ ಮಾಡುತ್ತಿತ್ತು, ಅದಕ್ಕೆ ಒರಲಿಯೂ ಹತ್ತುತ್ತಿರಲಿಲ್ಲ. ಮೇಳದಲ್ಲಿ ನಮಗೆ ಕಾಣುವುದು ಬದುಕುಳಿದ ಪುಸ್ತಕ ಮಾತ್ರ. ಭಜಿ ಅಂಗಡಿಯಲ್ಲಿ ಸತ್ತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಜೋಪಾನ ಮಾಡಿದರಾಯಿತು ಎನ್ನುವಿರಾ? ಅದನ್ನೂ ಅಮೆರಿಕದವರು ಮಾಡಿ ನೋಡಿದ್ದಾರೆ. 1991ರಲ್ಲಿ ಹೊಸದಾಗಿ ಬಂದ ‘ಎಕ್ಸ್-ಮೆನ್’ ಮಾಲೆಯ ಒಂದನೇ ಸಂಚಿಕೆ 80 ಲಕ್ಷ ಪ್ರತಿಗಳ ಮೇಲೆ ಹೋಯಿತು. ಕೊಂಡವರಲ್ಲಿ ಬಹಳ ಮಂದಿ ಓದಲಿಲ್ಲ, ಮಕ್ಕಳ ಓದಿನ ಖರ್ಚಿಗಾದೀತೆಂದು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟರು. ಎಲ್ಲರೂ ಇಟ್ಟರೆ ಅಪರೂಪವಾಗುವುದು ಹೇಗೆ? ಕೆಲವೇ ಡಾಲರಿಗೆ ಅದು ಇವತ್ತಿಗೂ ಸಿಗುತ್ತದೆ. ಆ ಜೂಜಿನ ಗಾಳಿ ಇಳಿದಾಗ, 1996ರ ಕೊನೆಗೆ, ಪ್ರಕಾಶಕ ಸಂಸ್ಥೆ ಮಾರ್ವೆಲ್ಲೇ ದಿವಾಳಿ ಅರ್ಜಿ ಹಾಕಬೇಕಾಯಿತು.

ಅಪರೂಪವಾದದ್ದೆಲ್ಲ ದುಬಾರಿಯೂ ಅಲ್ಲ. ಮೇಳದಲ್ಲಿ ಅಮರ ಚಿತ್ರಕಥೆಯ ಮಳಿಗೆಯ ಮುಂದೆ ನಿಂತಾಗ ನನಗೆ ಹೊಳೆದದ್ದು ಇದು. ಆ ಮಾಲೆಯ ಅನಂತ ಪೈ ಕಾರ್ಕಳದವರು ಎಂಬುದು ಬಹಳ ಮಂದಿಗೆ ಗೊತ್ತು. ಅದಕ್ಕೂ ಹಿಂದೆ, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಬೆಂಗಳೂರಿನಲ್ಲಿ ಪರದೇಶದ ಕಿನ್ನರಕಥೆಗಳನ್ನು ಕನ್ನಡದಲ್ಲಿ ಅದೇ ಹೆಸರಿನಿಂದ ತಂದಿದ್ದರು ಎಂಬುದು ಕೆಲವರಿಗಷ್ಟೇ ಗೊತ್ತು. ಇಂಗ್ಲಿಷಿನ ‘ಕೃಷ್ಣ’ ಹನ್ನೊಂದನೇ ನಂಬರಿನಿಂದ ಶುರುವಾದದ್ದು, ಮೊದಲ ಹತ್ತು ನಂಬರು ಆ ಕಥೆಗಳಿಗೆ ಹೋಗಿದ್ದರಿಂದ. ಆ ಕನ್ನಡ ಪುಸ್ತಕಗಳಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡಿಲ್ಲ. ಮೇಳದ ಎರಡು ಮೇಜಿನವರಿಗೂ, ಆಮೇಲಿನ ಮೂರು ಅಂಗಡಿಯವರಿಗೂ ಕೇಳಿದೆ: ಸಿಕ್ಕರೆ ಎಷ್ಟು? ಒಬ್ಬರೂ ಅಂಕಿ ಹೇಳಲಿಲ್ಲ. “ಕನ್ನಡದ್ದು ಕೇಳೋರೇ ಇಲ್ಲ ಸರ್” ಅಂದರು. ಬೇಕೆನ್ನುವವರು ಇಬ್ಬರಾದರೂ ಇದ್ದು ಒಬ್ಬರ ಮೇಲೊಬ್ಬರು ಕೂಗಿದರಷ್ಟೇ ಸವಾಲು. ಒಬ್ಬನೇ ನಿಂತರೆ ಅದು ಬರೀ ಹುಡುಕಾಟ.

ಈ ಕೂಗುವವರ ವಯಸ್ಸನ್ನೂ ನೋಡಬೇಕು. ಹಳೆಯ ಕಾಗದದ ಮೇಜಿನ ಸುತ್ತ ನಿಂತವರೆಲ್ಲ ನನ್ನ ಓರಗೆಯವರು: ಕನ್ನಡಕ, ಬೋಳುತಲೆ, ಬೆನ್ನುನೋವು. ಅಕ್ಕನ ಮಗ ನನ್ನ ಪಕ್ಕದಲ್ಲೇ ಇದ್ದವನು ಐದು ನಿಮಿಷಕ್ಕೆ ಮಂಗಾ ಮಳಿಗೆಗೆ ಹೋದ. ಅವನಿಗೆ ಫ್ಯಾಂಟಮ್ ಯಾರೂ ಅಲ್ಲ. ಸೂಪರ್‌ಮ್ಯಾನ್ ಬೆಲೆ ಏರುತ್ತಿರುವುದು ಪ್ರತಿ ತಲೆಮಾರಿಗೂ ಹೊಸ ಸಿನಿಮಾ ಸಿಗುತ್ತಿರುವುದರಿಂದ. ನಾನು 600 ಕೊಟ್ಟ ಇಂದ್ರಜಾಲ ಅದೇ ಶೇ 16ರ ದರದಲ್ಲಿ ಬೆಳೆಯಬೇಕೆಂದರೆ ಹತ್ತು ವರ್ಷಕ್ಕೆ 2,600 ದಾಟಬೇಕು. ಆಗ ಕೊಳ್ಳುವವರು ಯಾರು? ನಾವೇ, ಇನ್ನೂ ಹತ್ತು ವರ್ಷ ಮುದುಕರಾಗಿ, ಪಿಂಚಣಿಯಲ್ಲಿ. ಆಮೇಲೆ ನಮ್ಮ ಮಕ್ಕಳು ಇವನ್ನೆಲ್ಲ ಒಂದೇ ದಿನ ಒಟ್ಟಿಗೆ ಮಾರಲು ತರುತ್ತಾರೆ. ತೊಗರಿಯ ಸುಗ್ಗಿಯಲ್ಲಿ ದರ ಏನಾಗುತ್ತದೆಂದು ಆಳಂದದವರಿಗೆ ಹೇಳಿಕೊಡಬೇಕಿಲ್ಲ.

ಕಾಗದವೂ ನಮ್ಮ ಜೊತೆ ಮುದುಕಾಗುತ್ತದೆ. ಅಗ್ಗದ ಕಾಗದದಲ್ಲಿ ಆಮ್ಲವಿರುತ್ತದೆ, ಕಲಬುರಗಿಯ ನಲವತ್ತೆರಡು ಡಿಗ್ರಿ ಬೇಸಿಗೆಗೆ ಅದು ಹಪ್ಪಳವಾಗುತ್ತದೆ. ಅಮೆರಿಕದಲ್ಲಿ 2000ದಿಂದೀಚೆಗೆ ಸಿಜಿಸಿ ಎಂಬ ಸಂಸ್ಥೆ ಪುಸ್ತಕ ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡುತ್ತದೆ. ನನ್ನ ಹನ್ನೆರಡಕ್ಕೆ ಇದ್ದ ಮೊಹರು ಮಾರುವವನ ಬಾಯಿಮಾತು.

ಇಷ್ಟಾದರೂ ನಾನು ಕೊಳ್ಳುವುದನ್ನು ಬಿಟ್ಟಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದರ ಜಾಗ ಬದಲಿಸಿದ್ದೇನೆ. ಉಳಿತಾಯದ ಪುಟದಿಂದ ತೆಗೆದು, ಜಾತ್ರೆ-ಹಬ್ಬದ ಖರ್ಚಿನ ಪುಟಕ್ಕೆ ಹಾಕಿದ್ದೇನೆ. ವರ್ಷಕ್ಕೆ 2,000, ನಗದು ಮಾತ್ರ. ಕೊಟ್ಟೆ ಬಿಚ್ಚಿ, ನಡುಹಾಳೆ ಎಣಿಸಿ, ಪಿನ್ನು ನೋಡಿ ಕೊಳ್ಳುತ್ತೇನೆ, ಚೀಟಿಯ ಮೇಲಾದರೂ ಬಿಲ್ ಬರೆಸಿಕೊಳ್ಳುತ್ತೇನೆ, ಗುರುತಿನ ಪುಸ್ತಕ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತೇನೆ. ಆ ಹನ್ನೆರಡರಲ್ಲಿ ನಡುಹಾಳೆಯಿಲ್ಲದ ಒಂದನ್ನು ಸರಸಂಬಾದ ಮನೆಯಲ್ಲಿ ಬಿಟ್ಟು ಬಂದಿದ್ದೆ. ಹೋದ ಸಲ ನೋಡಿದರೆ ಅಪ್ಪ ಪಡಸಾಲೆಯಲ್ಲಿ ಕೂತು ಅದರ ಚಿತ್ರ ನೋಡುತ್ತಿದ್ದ. ಇಂಗ್ಲಿಷ್ ಬಾರದು. “ಕುದರಿ ಚಲೋ ಅದ” ಅಂದ.

ಈ ವರ್ಷದ 2,000ದಲ್ಲಿ ಇನ್ನೂ 740 ರೂಪಾಯಿ ಉಳಿದಿದೆ. ಕನ್ನಡದ ಇಂದ್ರಜಾಲ, ನಡುಹಾಳೆ ಸಮೇತ, ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ಬೆಲೆ ತಿಳಿಸಿ. ತಿರುಗಿ ತಂದರೆ ಎಷ್ಟಕ್ಕೆ ತೆಗೆದುಕೊಳ್ಳುವಿರಿ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿರಿ.