ಕಂಪ್ಯೂಟರಿನಲ್ಲಿ ಪ್ಲಗ್‌ಇನ್ ಏಕೆ ಕಾಣಿಸದು?

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ–ಚೆನ್ನೈ ರೈಲುಮಾರ್ಗದಿಂದ ಕವಲೊಡೆಯುವ ಹಾದಿಯು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಸಾಗುತ್ತದೆ. 1874ರಲ್ಲಿ ಈ ಕವಲು ತೆರೆದಾಗ ಎರಡೂ ಮಾರ್ಗಗಳ ಹಳಿಗಳ ಅಂತರ 1,676 ಮಿಲಿಮೀಟರೇ ಆಗಿದ್ದುದರಿಂದ ಬೋಗಿಗಳು ಒಂದರಿಂದ ಇನ್ನೊಂದಕ್ಕೆ ಹಾಯಬಹುದಾಗಿತ್ತು. 1,000 ಮಿಲಿಮೀಟರಿನ ಮೀಟರ್ ಗೇಜಿಗಾಗಿ ಮಾಡಿದ ಬೋಗಿಯು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಆ ಹಳಿಯ ಮೇಲೆ ಓಡಲಾರದು. ಅಲ್ಲಿ ದೋಷವು ಬೋಗಿಯಲ್ಲಿಯೂ ಇಲ್ಲ, ಹಳಿಯಲ್ಲಿಯೂ ಇಲ್ಲ; ಅವುಗಳ ಹೊಂದಾಣಿಕೆಯಲ್ಲಿದೆ. ಸಂಗೀತವನ್ನು ಮುದ್ರಿಸುವ ಕಂಪ್ಯೂಟರಿನಲ್ಲಿ ಪ್ಲಗ್‌ಇನ್ ಕೆಲಸಮಾಡದಿದ್ದಾಗಲೂ ಅನೇಕ ವೇಳೆ ಸಂಗತಿ ಇಷ್ಟೇ.

ಧ್ವನಿಯನ್ನು ಮುದ್ರಿಸಿ ಹೊಂದಿಸುವ ಮುಖ್ಯ ತಂತ್ರಾಂಶದೊಳಗೆ ಕೂಡಿಕೊಂಡು, ಮಾರ್ದನಿಯನ್ನೋ ವಾದ್ಯದ ದನಿಯನ್ನೋ ಒದಗಿಸುವ ಕಿರಿಯ ತಂತ್ರಾಂಶವೇ ಪ್ಲಗ್‌ಇನ್. ಇವೆರಡರ ನಡುವಣ ವ್ಯವಹಾರಕ್ಕೆ ಗೊತ್ತಾದ ನಿಯಮಗಳಿರಬೇಕಷ್ಟೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1996ರಲ್ಲಿ ವಿಎಸ್‌ಟಿ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಆಪಲ್ ಯಂತ್ರಗಳ ಆಡಿಯೋ ಯೂನಿಟ್, ಪ್ರೋಟೂಲ್ಸಿನ ಎಎಎಕ್ಸ್ ಇವು ಬೇರೆ ನಿಯಮಾವಳಿಗಳು. ಬೇರೆ ಬೇರೆ ಗೇಜುಗಳೆನ್ನಬಹುದು.

ಚಿಂಚೋಳಿಯ ವಿದ್ಯಾರ್ಥಿಯೊಬ್ಬನು ವೃದ್ಧ ಗಾಯಕರೊಬ್ಬರ ತತ್ತ್ವಪದಗಳನ್ನು ಮುದ್ರಿಸಿಕೊಂಡನೆಂದು ಭಾವಿಸೋಣ. ಮಾರ್ದನಿ ಸೇರಿಸಲು ತಂದ ಪ್ಲಗ್‌ಇನ್ ಯಾದಿಯಲ್ಲಿ ಕಾಣಿಸುವುದಿಲ್ಲ. ಗಾಬರಿಯಿಂದ ಡಿಸ್ಕನ್ನೇ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಹೊರಟರೆ, ಮತ್ತೆ ದೊರೆಯಲಾರದ ಹಾಡೇ ನಷ್ಟವಾದೀತು. ಪ್ಲಗ್‌ಇನ್ ಸಾಮಾನ್ಯವಾಗಿ ಮೂಲ ಧ್ವನಿಯನ್ನು ಮಾರ್ಪಡಿಸುವುದಿಲ್ಲ. ಹಾಡು ಪ್ರತ್ಯೇಕ ಫೈಲಾಗಿ ಉಳಿದಿರುತ್ತದೆ. ಆದುದರಿಂದ ಮೊದಲು ಅದರ ಪ್ರತಿಯೊಂದನ್ನು ಬೇರೆಡೆ ಇರಿಸಿಕೊಂಡು, ಅನಂತರ ಕ್ರಮವಾಗಿ ಪರೀಕ್ಷಿಸತಕ್ಕದ್ದು.

ಮೊದಲನೆಯದಾಗಿ, ಮುಖ್ಯ ತಂತ್ರಾಂಶವು ಒಪ್ಪುವ ನಿಯಮಾವಳಿಗೇ ಪ್ಲಗ್‌ಇನ್ ಸೇರಿದೆಯೇ?

ಎರಡನೆಯದು ಬಿಟ್ಟುಗಳ ಸಂಖ್ಯೆ. 32 ಬಿಟ್ಟುಗಳಿಂದ 4,29,49,67,296 ವಿಳಾಸಗಳನ್ನು, ಅಂದರೆ ಸುಮಾರು 4 ಗಿಗಾಬೈಟ್ ಸ್ಮೃತಿಯನ್ನು ಮಾತ್ರ, ಗುರುತಿಸಬಹುದು. 64 ಬಿಟ್ಟಿನ ತಂತ್ರಾಂಶದಲ್ಲಿ ವಿಳಾಸದ ಅಳತೆಯೇ ಬೇರೆ. ಆದಕಾರಣ ಅದು 32 ಬಿಟ್ಟಿನ ಪ್ಲಗ್‌ಇನ್ನನ್ನು ನೇರವಾಗಿ ಸೇರಿಸಿಕೊಳ್ಳಲಾರದು. ನಡುವೆ ಸೇತುವೆಯಂಥ ಇನ್ನೊಂದು ತಂತ್ರಾಂಶ ಬೇಕಾಗುತ್ತದೆ. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದೀಚೆಗೆ ಆಪಲ್ ಯಂತ್ರಗಳಲ್ಲಿ 32 ಬಿಟ್ಟಿನ ತಂತ್ರಾಂಶಗಳು ನಡೆಯುವುದೇ ಇಲ್ಲ.

ಮೂರನೆಯದು ಸ್ಥಳ. ವಿಂಡೋಸಿನಲ್ಲಿ ವಿಎಸ್‌ಟಿ3 ಪ್ಲಗ್‌ಇನ್ನುಗಳಿಗೆ ‘ಪ್ರೋಗ್ರಾಂ ಫೈಲ್ಸ್’ನೊಳಗಿನ ‘ಕಾಮನ್ ಫೈಲ್ಸ್’ನಲ್ಲಿ ‘ವಿಎಸ್‌ಟಿ3’ ಎಂಬ ಫೋಲ್ಡರು ನಿಯತವಾಗಿದೆ. ಹಳೆಯ ವಿಎಸ್‌ಟಿ2ಕ್ಕೆ ಹೀಗೆ ಒಂದೇ ನಿಯತಸ್ಥಳವಿಲ್ಲ. ಅದನ್ನು ಇಟ್ಟ ಫೋಲ್ಡರನ್ನು ಮುಖ್ಯ ತಂತ್ರಾಂಶಕ್ಕೆ ನಾವೇ ತೋರಿಸಿಕೊಡಬೇಕು.

ನಾಲ್ಕನೆಯದು ಶೋಧನೆ. ಒಮ್ಮೆ ವಿಫಲವಾದ ಪ್ಲಗ್‌ಇನ್ನನ್ನು ಅನೇಕ ತಂತ್ರಾಂಶಗಳು ತಿರಸ್ಕೃತರ ಪಟ್ಟಿಗೆ ಸೇರಿಸಿ, ಮತ್ತೆ ಅದರತ್ತ ನೋಡುವುದಿಲ್ಲ. ದೋಷವನ್ನು ಸರಿಪಡಿಸಿದ ಮೇಲೂ ಅದು ಕಾಣಿಸದಿದ್ದರೆ, ಆ ಪಟ್ಟಿಯಿಂದ ತೆಗೆದು ಮರುಶೋಧನೆ ಮಾಡಿಸಬೇಕು.

ಕಡೆಯದಾಗಿ, ಡೌನ್‌ಲೋಡು ನಡುವೆ ಕಡಿದು ಫೈಲು ಅಪೂರ್ಣವಾಗಿರಬಹುದು. ತಯಾರಕರು ತಿಳಿಸಿದ ಗಾತ್ರದೊಡನೆ ಹೋಲಿಸಿದರೆ ಇದು ಗೊತ್ತಾಗುತ್ತದೆ. ಅಪರಿಚಿತರು ಕೊಟ್ಟ ಕಳ್ಳಪ್ರತಿಗಾಗಿ ವೈರಸ್ ರಕ್ಷಣೆಯನ್ನು ಕಳಚುವುದಂತೂ ಸರ್ವಥಾ ಸಲ್ಲದು.

ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲವು ಕೆಲಸಮಾಡದಿದ್ದರೆ ಕೋಶ, ತಂತಿ, ಕೀಲಿಗಳನ್ನು ಒಟ್ಟಿಗೆ ಬದಲಿಸುತ್ತೇವೆಯೇ? ಒಂದೊಂದನ್ನೇ ಬದಲಿಸಿ ನೋಡುತ್ತೇವೆ. ಇಲ್ಲಿಯೂ ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ಸರಿಯಾಗಿ ನಡೆಯುವ ಮತ್ತೊಂದು ಪ್ಲಗ್‌ಇನ್ನನ್ನು ಹೋಲಿಕೆಗೆ ಇರಿಸಿಕೊಂಡರೆ, ದೋಷವು ಮುಖ್ಯ ತಂತ್ರಾಂಶದ್ದೋ ಹೊಸ ಪ್ಲಗ್‌ಇನ್ನಿನದೋ ಎಂಬುದು ಬೇಗನೆ ತಿಳಿಯುವುದು. ಹೀಗೆ ಮಾಡಿದವನಿಗೆ ಪ್ಲಗ್‌ಇನ್ ದಕ್ಕುವುದು ತಡವಾದರೂ ಹಾಡು ಮಾತ್ರ ಕೈತಪ್ಪುವುದಿಲ್ಲ.