ಹೆಸರು ಉಳಿಯಿತು, ಹುರುಳು ಹೋಯಿತು



ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಸಂತ ಲೂಕರ ಶುಭಸಂದೇಶವನ್ನು ಓದುವಾಗ ಆಗಸ್ಟಸ್ ಚಕ್ರವರ್ತಿಯ ಹೆಸರನ್ನು ಕೇಳಿದ್ದೀರಿ. ಜನಗಣತಿಗೆ ಆಜ್ಞೆ ಹೊರಡಿಸಿದವನು ಅವನೇ. ಆದರೆ ರೋಮ್ ನಗರದಲ್ಲಿ ಅವನೆಂದೂ ತನ್ನನ್ನು ರಾಜನೆಂದು ಕರೆದುಕೊಳ್ಳಲಿಲ್ಲ. ತಾನು ನಾಗರಿಕರಲ್ಲಿ ಮೊದಲಿಗ, ಅಷ್ಟೇ ಎಂದುಕೊಂಡ. ಹಾಗಾದರೆ ಗಣರಾಜ್ಯವಾಗಿದ್ದ ರೋಮ್ ಒಬ್ಬನ ಕೈಸೇರಿದ್ದು ಹೇಗೆ?

ಸಂಪ್ರದಾಯದ ಪ್ರಕಾರ ರೋಮನರು ಕ್ರಿ.ಪೂ. 509ರಲ್ಲಿ ತಮ್ಮ ಕೊನೆಯ ರಾಜನನ್ನು ಓಡಿಸಿದರು. ಅಂದಿನಿಂದ 'ರಾಜ' ಎಂಬ ಪದವೇ ಅವರಿಗೆ ಆಗದು. ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು ಆರಿಸುತ್ತಿದ್ದರು. ಒಬ್ಬನ ನಿರ್ಧಾರವನ್ನು ಇನ್ನೊಬ್ಬ ತಡೆಯಬಹುದಿತ್ತು. ಹಿರಿಯರ ಸಭೆಯಾದ ಸೆನೆಟ್ ಸಲಹೆ ನೀಡುತ್ತಿತ್ತು. ಜನಸಾಮಾನ್ಯರ ರಕ್ಷಣೆಗೆ ಟ್ರಿಬ್ಯೂನರೆಂಬ ಅಧಿಕಾರಿಗಳಿದ್ದರು. ಅವರ ಮೇಲೆ ಕೈಮಾಡುವುದು ದೇವದ್ರೋಹಕ್ಕೆ ಸಮ.

ಈ ವ್ಯವಸ್ಥೆಗೆ ಬಿರುಕು ಒಳಗಿನಿಂದಲೇ ಬಂತು. ಯುದ್ಧಗಳಲ್ಲಿ ದೊರೆತ ಸಂಪತ್ತು ಕೆಲವೇ ಮನೆತನಗಳ ಪಾಲಾಯಿತು. ದೊಡ್ಡ ಜಮೀನುಗಳಲ್ಲಿ ಗುಲಾಮರು ದುಡಿದರು. ಅನೇಕ ಸಣ್ಣ ರೈತರು ನೆಲ ಕಳೆದುಕೊಂಡರು. ಸಾರ್ವಜನಿಕ ಭೂಮಿಯನ್ನು ಬಡವರಿಗೆ ಹಂಚಲು ಹೊರಟ ಟ್ರಿಬ್ಯೂನ್ ತಿಬೇರಿಯಸ್ ಗ್ರಾಕಸ್‌ನನ್ನು ಕ್ರಿ.ಪೂ. 133ರಲ್ಲಿ ಸೆನೆಟಿನ ಸದಸ್ಯರೇ ಗುಂಪುಕಟ್ಟಿ ಬಂದು ಹೊಡೆದು ಕೊಂದರು. ಗಮನಿಸಿ: ರಕ್ತ ಹರಿಸಲು ಕೈಯೆತ್ತಿದವರು ಕಾನೂನಿನ ಕಾವಲುಗಾರರೇ.

ಮುಂದೆ ಭೂಮಿಯಿಲ್ಲದವರು ಸೈನ್ಯ ಸೇರಿದರು. ಸೇವೆ ಮುಗಿದ ಮೇಲೆ ಅವರಿಗೆ ತುಂಡು ಜಮೀನು ಕೊಡಿಸಬೇಕಾದವನು ಸೇನಾಪತಿ. ಆದ್ದರಿಂದ ನಿಷ್ಠೆಯೂ ಅವನಿಗೇ ಸಂದಿತು. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸೈನ್ಯವನ್ನು ರೋಮ್ ಮೇಲೆಯೇ ನಡೆಸಿದ. 49ರಲ್ಲಿ ಜೂಲಿಯಸ್ ಸೀಸರ್ ರೂಬಿಕನ್ ಹೊಳೆ ದಾಟಿದ. 44ರಲ್ಲಿ ಆಜೀವ ಸರ್ವಾಧಿಕಾರಿಯಾದ. ಅದೇ ವರ್ಷದ ಮಾರ್ಚ್ 15ರಂದು ಅವನನ್ನು ಕೊಂದವರು ಗಣರಾಜ್ಯ ಉಳಿಯಿತೆಂದು ಭಾವಿಸಿದರು. ಆದರೆ ರೋಗ ಒಬ್ಬನ ಮೈಯಲ್ಲಿರಲಿಲ್ಲ. ಮತ್ತೆ ಯುದ್ಧಗಳಾದವು. ಕ್ರಿ.ಪೂ. 31ರಲ್ಲಿ ಆಕ್ಟಿಯಂ ಬಳಿ ಆಂಟನಿಯನ್ನು ಸೋಲಿಸಿದ ಸೀಸರನ ದತ್ತುಪುತ್ರ ಆಕ್ಟೇವಿಯನ್‌ಗೆ ಎದುರಾಳಿಯೇ ಉಳಿಯಲಿಲ್ಲ.

ಅವನ ಜಾಣ್ಮೆ ನೋಡಿ. ಕ್ರಿ.ಪೂ. 27ರಲ್ಲಿ ಅವನು ಸೆನೆಟ್‌ಗೆ ಬಂದು, ಅಧಿಕಾರವನ್ನೆಲ್ಲ ಹಿಂದಿರುಗಿಸುವುದಾಗಿ ಘೋಷಿಸಿದ. ಸೆನೆಟ್ ಅವನಿಗೆ 'ಆಗಸ್ಟಸ್' ಎಂಬ ಬಿರುದನ್ನಿತ್ತು, ಸೈನ್ಯದ ಹೆಚ್ಚಿನ ಪಾಲು ನೆಲೆಸಿದ್ದ ಪ್ರಾಂತ್ಯಗಳನ್ನೇ ಅವನಿಗೆ ಒಪ್ಪಿಸಿತು! ಕ್ರಿ.ಪೂ. 23ರಲ್ಲಿ, ಟ್ರಿಬ್ಯೂನನಾಗದೆಯೇ, ಟ್ರಿಬ್ಯೂನನ ಅಧಿಕಾರವೂ ಅವನಿಗೆ ದೊರೆಯಿತು. ಬಡವನ ಗುರಾಣಿ ದೊರೆಯ ಕೈಸೇರಿತು. ಸೆನೆಟ್ ಸೇರುತ್ತಲೇ ಇತ್ತು, ಕಾನ್ಸಲರ ಆಯ್ಕೆ ನಡೆಯುತ್ತಲೇ ಇತ್ತು. ಹೆಸರುಗಳೆಲ್ಲ ಇದ್ದವು, ಹುರುಳಿರಲಿಲ್ಲ.

ಜನ ಏಕೆ ಒಪ್ಪಿದರು? ಅವರನ್ನು ಮೂರ್ಖರೆನ್ನಬೇಡಿ. ಎರಡು ಮೂರು ತಲೆಮಾರು ಅಂತರ್ಯುದ್ಧ ಕಂಡವರಿಗೆ ಶಾಂತಿ ಬೇಕಿತ್ತು. ಆಗಸ್ಟಸ್ ಅದನ್ನು ನಿಜವಾಗಿಯೂ ತಂದ. ಹಳೆಯ ಗಣರಾಜ್ಯವೂ ಬಡವನಿಗೆ, ಗುಲಾಮನಿಗೆ ನ್ಯಾಯ ನೀಡಿರಲಿಲ್ಲ. ನ್ಯಾಯ ಕಾಣದ ಜನ ಸ್ವಾತಂತ್ರ್ಯಕ್ಕಾಗಿ ಏಕೆ ಹೋರಾಡಿಯಾರು? ಕ್ರಿ.ಶ. 14ರಲ್ಲಿ ಆಗಸ್ಟಸ್ ತೀರಿಕೊಂಡಾಗ, ಆಕ್ಟಿಯಂ ಕಾಳಗದ ವರ್ಷ ಹುಟ್ಟಿದ ಮಗುವಿಗೆ ನಲವತ್ನಾಲ್ಕು ವರ್ಷ. ಗಣರಾಜ್ಯವನ್ನು ಕಣ್ಣಾರೆ ಕಂಡವರೇ ವಿರಳವಾಗಿದ್ದರು. ಅದೇ ವರ್ಷ ಅಧಿಕಾರಿಗಳ ಆಯ್ಕೆಯನ್ನು ಜನರಿಂದ ಸೆನೆಟ್‌ಗೆ ವರ್ಗಾಯಿಸಲಾಯಿತು. ಜನ ಗೊಣಗಿದರು, ಸುಮ್ಮನಾದರು.

ಸ್ವಾತಂತ್ರ್ಯ ಯಾವಾಗಲೂ ಬಾಗಿಲು ಒಡೆಸಿಕೊಂಡು ಹೋಗುವುದಿಲ್ಲ. ನಾವು ದಣಿದು ಮಲಗಿದಾಗ ಸದ್ದಿಲ್ಲದೆ ಹೊರಟುಹೋಗುತ್ತದೆ.

ಮನೆಯಲ್ಲಿ ಚರ್ಚಿಸಿ:

1. ನಾವಿರುವ ಸಂಘ, ಸಮಿತಿಗಳಲ್ಲಿ ಸಭೆ ಮಾತ್ರ ಉಳಿದು, ನಿರ್ಧಾರ ಒಬ್ಬರದೇ ಆಗಿದೆಯೇ?

2. ಶಾಂತಿ ಬೇಕೆಂದು ನಾವು ಯಾವ ಅನ್ಯಾಯವನ್ನು ಸಹಿಸಿಕೊಂಡಿದ್ದೇವೆ?