ಕ್ರೀಡಾತಂಡದ ಆಯ್ಕೆ: ಒಂದು ದೋಣಿಯ ನಿದರ್ಶನ

ಕಾಲೇಜಿನ ತಂಡಕ್ಕೆ ಪಳಗಿದ ಕೈಗಳನ್ನೇ ಹುಡುಕುವುದು ವಾಡಿಕೆ. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಆ ಅನುಕೂಲವಿರಲಿಲ್ಲ. 1933ರಲ್ಲಿ ಅಲ್ಲಿಯ ದೋಣಿಮನೆಗೆ ಬಂದ ಹೊಸ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹುಟ್ಟನ್ನೇ ಹಿಡಿದವರಲ್ಲ. ತಂಡದಲ್ಲಿ ಉಳಿದವರಿಗೆ ಆವರಣದಲ್ಲಿಯೇ ಒಂದು ಅರೆಕಾಲಿಕ ಕೆಲಸ ದೊರೆಯುತ್ತಿತ್ತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಜೋ ರಾಂಟ್ಜ್ ಎಂಬ ಬಡ ಯುವಕನಿಗೆ ದೋಣಿಯಲ್ಲಿ ಸ್ಥಾನ ತಪ್ಪಿದರೆ ಓದೂ ತಪ್ಪುವಂತಿತ್ತು. ಇದು ಅಗತ್ಯವೇ ಹೊರತು ನಿಷ್ಠೆಯಲ್ಲವೆಂದು ಆಕ್ಷೇಪಿಸುವವರುಂಟು. ಆದರೆ ಮೂರು ವರ್ಷಗಳ ದುಡಿಮೆಯನ್ನು ಅಗತ್ಯವೊಂದೇ ಮಾಡಿಸಲಾರದು.

ಆಯ್ಕೆಯ ಬಹುಭಾಗವನ್ನು ಚಳಿ, ಮಳೆ, ಅಂಗೈಯ ಬೊಬ್ಬೆಗಳೇ ನಡೆಸಿದುವು; ಹಲವರು ತಾವಾಗಿಯೇ ಹಿಂದೆ ಸರಿದರು. ಉಳಿದವರನ್ನು ಮುಖ್ಯ ತರಬೇತುದಾರ ಆಲ್ ಉಲ್ಬ್ರಿಕ್ಸನ್ ಮತ್ತೆ ಮತ್ತೆ ಬೇರೆ ಬೇರೆ ದೋಣಿಗಳಲ್ಲಿ ಕೂರಿಸಿ ನೋಡಿದರು. ಎಂಟು ಮಂದಿ ಹುಟ್ಟು ಹಾಕುವಲ್ಲಿ ಒಬ್ಬನ ಅತಿಬಲವೂ ಲಯವನ್ನು ಕೆಡಿಸಬಲ್ಲದಷ್ಟೆ! ಸರಿಯಾದ ಜೋಡಣೆ ಕೂಡಿಬಂದುದು 1936ರ ವಸಂತದಲ್ಲಿ.

ಆ ವರ್ಷದ ಆಗಸ್ಟ್‌ನಲ್ಲಿ ಬರ್ಲಿನ್ ಒಲಿಂಪಿಕ್ಸ್‌ನ ಅಂತಿಮ ಸ್ಪರ್ಧೆಯ ಹೊತ್ತಿಗೆ, ಎಲ್ಲರಿಗೂ ಲಯ ಹಾಕಿಕೊಡುತ್ತಿದ್ದ ಡಾನ್ ಹ್ಯೂಮ್ ಅಸ್ವಸ್ಥನಾದನು. ಅವನ ಬದಲಿಗೆ ಬೇರೊಬ್ಬನನ್ನು ಕೂರಿಸಲು ತರಬೇತುದಾರರು ಯೋಚಿಸಿದಾಗ ಸಂಗಡಿಗರೇ ಒಪ್ಪಲಿಲ್ಲ. ಹ್ಯೂಮ್‌ನೊಡನೆಯೇ ಹೊರಟ ದೋಣಿಯು 2000 ಮೀಟರುಗಳನ್ನು 6 ನಿಮಿಷ 25.4 ಸೆಕೆಂಡುಗಳಲ್ಲಿ ಕ್ರಮಿಸಿ, ಇಟಲಿಯನ್ನು 0.6 ಸೆಕೆಂಡಿನಿಂದ ಹಿಂದಿಕ್ಕಿ ಚಿನ್ನದ ಪದಕವನ್ನು ಪಡೆಯಿತು.